ಊರೆಲ್ಲ ಕೈ ಹಿಡಿಯಿತು, ಈಗ ಊರಿಗೆ ಏನು ಹೇಳಲಿ?

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ನನಗೆ 38 ವರ್ಷ. ಯಜಮಾನರು ಮೋಟಾರ್ ರಿವೈಂಡಿಂಗ್, ಅಂದರೆ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಕೆಲಸ, ಮಾಡುತ್ತಿದ್ದರು. ಸುತ್ತಲಿನ ತೋಟದ ಪಂಪ್‌ಸೆಟ್‌ಗೆಲ್ಲ ಇವರೇ ಡಾಕ್ಟರ್. ಹೋದ ವರ್ಷ ಅಡಿಕೆ ಕೊಯ್ಲಿನ ಹೊತ್ತು, ರಾತ್ರಿ ಕೆಲಸ ಮುಗಿಸಿ ಬರುವಾಗ ದನ ಅಡ್ಡ ಬಂದು ಬೈಕಿನಿಂದ ಬಿದ್ದರು. ಹೆಲ್ಮೆಟ್ ಹ್ಯಾಂಡಲ್‌ನಲ್ಲಿ ನೇತಾಡುತ್ತಿತ್ತು. ಊರಿನ ಹುಡುಗರೇ ಜೀಪಿನಲ್ಲಿ ಶಿವಮೊಗ್ಗಕ್ಕೆ, ಅಲ್ಲಿಂದ ಬೆಂಗಳೂರಿಗೆ ಸಾಗಿಸಿದರು. ತಲೆಯ ಮೂಳೆ ತೆಗೆದು ಹೊಟ್ಟೆಯ ಚರ್ಮದ ಕೆಳಗೆ ಇಟ್ಟಿದ್ದರು. ನಾಲ್ಕು ತಿಂಗಳ ಮೇಲೆ ಮತ್ತೆ ಜೋಡಿಸಿದರು. ಆ ದಿನಗಳಲ್ಲಿ ಊರಿನವರು ಮಾಡಿದ್ದನ್ನು ಮರೆಯೋ ಹಾಗಿಲ್ಲ. ಸಹಾಯಾರ್ಥ ಯಕ್ಷಗಾನ ಆಡಿಸಿ ದುಡ್ಡು ಎತ್ತಿದರು. ಹಾಲಿನ ಸೊಸೈಟಿ, ಸ್ತ್ರೀಶಕ್ತಿ ಸಂಘ ಎಲ್ಲ ಸೇರಿದವು. ನಮ್ಮ ಮುಕ್ಕಾಲು ಎಕರೆ ತೋಟದ ಅಡಿಕೆ ಕೊಯ್ಸಿ, ಹೆಂಗಸರು ರಾತ್ರಿ ಕೂತು ಸುಲಿದು, ಮಂಡಿಗೆ ಹಾಕಿ ದುಡ್ಡು ತಂದು ಅತ್ತೆಯ ಕೈಯಲ್ಲಿಟ್ಟರು.

ಈಗ ಇವರು ನೋಡಲು ಸರಿಯಾಗಿದ್ದಾರೆ. ಓಡಾಡುತ್ತಾರೆ, ಉಣ್ಣುತ್ತಾರೆ. ಆದರೆ ಮೊದಲಿನವರಲ್ಲ. ಕಾಯಿಲ್ ಸುತ್ತಲು ಕೂತರೆ ಎಣಿಕೆ ತಪ್ಪುತ್ತದೆ, ತಂತಿ ಎತ್ತಿ ಬಿಸಾಡುತ್ತಾರೆ. ದಿನವಿಡೀ ಜಗಲಿಯಲ್ಲಿ ಕೂತಿರುತ್ತಾರೆ. ಊರಿನವರು ‘ಸೋಂಬೇರಿ ಆಗಿಬಿಟ್ಟ’ ಅನ್ನುತ್ತಾರೆ. ಹೋದ ತಿಂಗಳು ಪಕ್ಕದ ಮನೆ ಮದುವೆಯ ಪಂಕ್ತಿಯಲ್ಲಿ ದೇವಸ್ಥಾನ ಸಮಿತಿ ಅಧ್ಯಕ್ಷರಿಗೆ ಕೆಟ್ಟ ಮಾತು ಬೈದರು. ದುಡ್ಡು ಎತ್ತಲು ಊರೂರು ತಿರುಗಿದವರು ಅವರೇ. ಹಳೇ ಮಿಕ್ಸಿ ಸುಟ್ಟಿತು ಅಂತ ಹೊಸದು ತಂದೆ. ನಾಲ್ಕೇ ದಿನಕ್ಕೆ ‘ಯಾರ ದುಡ್ಡಲ್ಲಿ?’ ಅನ್ನುವ ಮಾತು ಕಿವಿಗೆ ಬಿತ್ತು. ನಿಜ ಹೇಳಿಬಿಡೋಣ ಅಂದರೆ ಅತ್ತೆ ಬಿಡುವುದಿಲ್ಲ. ‘ತಲೆ ಸರಿಯಿಲ್ಲ ಅಂತ ಗೊತ್ತಾದರೆ ಮೊಮ್ಮಗಳ ಮದುವೆ ಕಷ್ಟ’ ಅನ್ನುತ್ತಾರೆ. ಮಗಳು ಸೆಕೆಂಡ್ ಪಿಯುಸಿ. ಅಣ್ಣ ಶಿರಸಿ ಹತ್ತಿರದ ತವರಿಗೆ ಬಂದುಬಿಡು ಅನ್ನುತ್ತಿದ್ದಾನೆ. ಇಷ್ಟು ಋಣ ಇಟ್ಟುಕೊಂಡು ಊರು ಬಿಡಲಾ? ಬಾಯಿ ಬಿಡಲಾ, ಸುಮ್ಮನಿರಲಾ? ಒಂದೊಂದು ರಾತ್ರಿ, ನಾನು ಮದುವೆಯಾದವರು ಆ ರಸ್ತೆಯಲ್ಲೇ ಉಳಿದುಬಿಟ್ಟರು ಅನಿಸುತ್ತದೆ. ಹೀಗೆ ಅಂದುಕೊಳ್ಳುವುದು ಪಾಪ ಅಲ್ವಾ?

– ಹೆಸರು ಬೇಡ

ಉತ್ತರ: ತಂಗಿ, ಮಿಕ್ಸಿಯಿಂದಲೇ ಶುರು ಮಾಡುತ್ತೇನೆ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ. ಮೋಟಾರ್ ರಿವೈಂಡಿಂಗ್ ಮಾಡುವವರ ಮನೆಯಲ್ಲಿ ಮಿಕ್ಸಿ ಸುಟ್ಟಿತು ಅಂತ ಯಾರಾದರೂ ಅಂಗಡಿಗೆ ಹೋಗುತ್ತಾರಾ? ಒಂದು ವರ್ಷದ ಹಿಂದೆ ಆಗಿದ್ದರೆ ಅದೇ ಸಂಜೆ ಅವರು ಅದನ್ನು ಬಿಚ್ಚಿ, ಸರಿ ಮಾಡಿ, ಚಟ್ನಿ ರುಬ್ಬಿಸಿ ತೋರಿಸುತ್ತಿದ್ದರು. ಊರಿನವರು ನೋಡಿದ್ದು ಹೊಸ ಮಿಕ್ಸಿಯನ್ನು. ಅದು ಯಾಕೆ ಬಂತು ಅನ್ನುವುದು ಅವರಿಗೆ ಹೊಳೆದಿಲ್ಲ. ಹೊಳೆಯುವ ಹಾಗೆ ನೀವೂ ಹೇಳಿಲ್ಲ.

ಅದಕ್ಕೇ ನನ್ನ ಉತ್ತರ ಇದು: ಬಾಯಿ ಬಿಡಿ. ಎಲ್ಲರ ಮುಂದೆ ಎಲ್ಲವನ್ನೂ ಅಲ್ಲ. ಯಾರಿಗೆ, ಎಷ್ಟು, ಯಾವ ಮಾತಿನಲ್ಲಿ ಅನ್ನುವುದನ್ನು ಮುಂದೆ ಬರೆಯುತ್ತೇನೆ. ನಿಮ್ಮ ಊರು ಕೆಟ್ಟ ಊರಲ್ಲ. ರಾತ್ರಿ ನಿದ್ದೆಗೆಟ್ಟು ಇನ್ನೊಬ್ಬರ ಅಡಿಕೆ ಸುಲಿದುಕೊಟ್ಟ ಊರು. ಅವರು ಬಂದಿದ್ದು ಕಣ್ಣಿಗೆ ಕಂಡ ಗಾಯಕ್ಕೆ. ತಲೆಯ ಒಂದು ಪಕ್ಕ ತಗ್ಗಾಗಿತ್ತು, ಹೊಟ್ಟೆಯಲ್ಲಿ ಮೂಳೆ ಇತ್ತು, ಹೊಲಿಗೆ ಇತ್ತು. ಈಗ ಮೂಳೆ ಜೋಡಿಸಿಯಾಗಿದೆ, ಕೂದಲು ಬೆಳೆದಿದೆ. ಅವರ ಲೆಕ್ಕದಲ್ಲಿ ಕಾಯಿಲೆ ಮುಗಿಯಿತು. ನಿಮ್ಮ ಲೆಕ್ಕದಲ್ಲಿ ಅದು ಆಮೇಲೆ ಶುರುವಾಯಿತು. ತೊಂದರೆ ಇರುವುದು ಇಲ್ಲೇ.

ಮೊದಲು ನಿಮಗೇ ಒಂದು ವಿಷಯ ಗೊತ್ತಿರಬೇಕು. ಯಾಕೆಂದರೆ ಒಳಗೊಳಗೆ ನಿಮಗೂ ‘ಇವರು ಬೇಕಂತಲೇ ಹೀಗೆ ಮಾಡ್ತಾರಾ’ ಅನ್ನುವ ಅನುಮಾನ ಇದೆ. ನೀವು ಬರೆದಿಲ್ಲ, ಆದರೆ ಸಾಲುಗಳ ಮಧ್ಯೆ ಕಾಣುತ್ತದೆ. ಹಣೆಯ ಹಿಂದೆ ಇರುವ ಮಿದುಳಿನ ಭಾಗ ನಮ್ಮೊಳಗಿನ ಮೇಸ್ತ್ರಿ ಇದ್ದ ಹಾಗೆ. ಈಗ ಇದು ಮಾಡು, ಆಮೇಲೆ ಅದು, ಇದನ್ನು ಬಾಯಿ ತುದಿಗೆ ತರಬೇಡ, ಈಗ ಎದ್ದೇಳು, ಹೀಗೆ ಹೇಳುವವನು ಅವನು. ಬೈಕಿನಿಂದ ಬಿದ್ದಾಗ ಜಾಸ್ತಿ ಪೆಟ್ಟು ತಿನ್ನುವ ಜಾಗಗಳಲ್ಲಿ ಅದೂ ಒಂದು. ಮೇಸ್ತ್ರಿಗೆ ಪೆಟ್ಟು ಬಿದ್ದರೆ ಕೈಕಾಲು ಗಟ್ಟಿಯಾಗಿಯೇ ಇರುತ್ತವೆ, ಕೆಲಸ ಮಾತ್ರ ಶುರುವಾಗುವುದಿಲ್ಲ. ಜಗಲಿಯಲ್ಲಿ ಕೂತವರು ಕೂತೇ ಇರುತ್ತಾರೆ. ಇದನ್ನು ನೋಡಿದವರು ಸೋಂಬೇರಿತನ ಅನ್ನುತ್ತಾರೆ. ‘ಏಳಬೇಕು’ ಅನ್ನುವ ಮಾತೇ ಒಳಗಿಂದ ಬರದಿದ್ದರೆ ಮನುಷ್ಯ ಏಳುವುದು ಹೇಗೆ?

ಕಾಯಿಲ್ ಸುತ್ತುವುದನ್ನೇ ನೋಡಿ. ಕೈ ಒಂದೇ ಹದದಲ್ಲಿ ತಿರುಗಬೇಕು. ತಂತಿ ಸಡಿಲ ಬಿಡಬಾರದು. ಬಾಯಲ್ಲಿ ಎಣಿಕೆ ನಡೆಯುತ್ತಿರಬೇಕು. ಮಧ್ಯೆ ಯಾರೋ ‘ಭಟ್ರ ಮನೆ ಮೋಟಾರು ಆಯ್ತಾ’ ಅಂತ ಕೇಳಿದರೆ ಉತ್ತರ ಕೊಟ್ಟು, ಬಿಟ್ಟ ಜಾಗದಿಂದ ಮತ್ತೆ ಎಣಿಸಬೇಕು. ಹೊರಗಿನಿಂದ ನೋಡಿದರೆ ಕೈ ಕೆಲಸ. ಮಿದುಳಿಗೆ ಅದು ನಾಲ್ಕು ಕೆಲಸ ಒಟ್ಟಿಗೆ. ನಿಮ್ಮವರ ಕೈಗೆ ಕೆಲಸ ಮರೆತಿಲ್ಲ, ನಾಲ್ಕನ್ನು ಒಟ್ಟಿಗೆ ಹಿಡಿಯಲು ಆಗುತ್ತಿಲ್ಲ. ಮೊದಲು ಕಣ್ಣು ಮುಚ್ಚಿ ಮಾಡುತ್ತಿದ್ದ ಕೆಲಸ ಈಗ ಆಗುತ್ತಿಲ್ಲ ಅನ್ನುವುದು ಅವರಿಗೂ ಗೊತ್ತಾಗುತ್ತದೆ. ತಂತಿ ಹಾರುವುದು ಆಗಲೇ.

ಮದುವೆ ಮನೆಯ ವಿಷಯವೂ ಅಷ್ಟೆ. ವಾಲಗ, ಮೈಕು, ನೂರಾರು ಜನ, ಪಂಕ್ತಿಯಲ್ಲಿ ಒತ್ತಿ ಕೂತ ಸೆಕೆ. ನಮಗೇ ತಲೆ ಧಿಮ್ ಅನ್ನುತ್ತದೆ. ತಲೆಗೆ ಪೆಟ್ಟಾದವರಿಗೆ ಆ ಗಲಾಟೆ ತಡೆಯಲು ಆಗುವುದಿಲ್ಲ. ಹತ್ತಿರ ಸಿಕ್ಕವರ ಮೇಲೆ ಬಾಯಿ ಹೋಗುತ್ತದೆ. ಅವತ್ತು ಅಧ್ಯಕ್ಷರು ಸಿಕ್ಕರು, ಅಷ್ಟೆ. ‘ಅನ್ನ ಕೊಟ್ಟವರಿಗೇ ಬೈದ’ ಅಂತ ಊರು ಮಾತಾಡಿಕೊಂಡಿರುತ್ತದೆ. ಅವರು ಬೈದಿದ್ದು ಅನ್ನ ಕೊಟ್ಟವರಿಗಲ್ಲ, ಗಲಾಟೆಗೆ.

ಹಳೇ ಕಥೆ ಒಂದಿದೆ, ಹೇಳುತ್ತೇನೆ. 1848ರಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಫಿನಿಯಾಸ್ ಗೇಜ್ ಅನ್ನುವ ರೈಲ್ವೆ ಮೇಸ್ತ್ರಿ ಇದ್ದ. ಬಂಡೆ ಒಡೆಯಲು ಮದ್ದು ತುಂಬುವಾಗ ಸಿಡಿದು, ಕಬ್ಬಿಣದ ಸಲಾಕೆ ಅವನ ಕೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಂತು. ಬದುಕಿದ. ಮೊದಲು ಒಳ್ಳೆಯ ಕೆಲಸಗಾರ ಅಂತ ಹೆಸರಿತ್ತು. ಆಮೇಲೆ ಬಾಯಿ ಕೆಟ್ಟಿತು, ಸಿಟ್ಟು ಜಾಸ್ತಿಯಾಯಿತು, ಕೆಲಸಕ್ಕೆ ವಾಪಸ್ ಸೇರಿಸಿಕೊಳ್ಳಲಿಲ್ಲ. ಇವನು ನಮ್ಮ ಗೇಜ್ ಅಲ್ಲ ಅಂದರು ಗೆಳೆಯರು. ಕಥೆಯನ್ನು ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಅವನು ಮುಂದೆ ಚಿಲಿ ದೇಶಕ್ಕೆ ಹೋಗಿ ಕೆಲವು ವರ್ಷ ಪ್ರಯಾಣಿಕರ ಕುದುರೆ ಗಾಡಿ ಹೊಡೆದ. ದಿನಾ ಅದೇ ಹೊತ್ತು, ಅದೇ ದಾರಿ, ಅದೇ ಕೆಲಸ. ದಿನಚರಿ ಒಂದೇ ಥರ ಇದ್ದದ್ದೇ ಅವನನ್ನು ಸುಧಾರಿಸಿರಬಹುದು ಅಂತ ಅವನ ಬಗ್ಗೆ ಅಧ್ಯಯನ ಮಾಡಿದ ಕೆಲವರು ಹೇಳುತ್ತಾರೆ. ನಿಮ್ಮವರಿಗೂ ಬೇಕಾಗಿರುವುದು ಅದೇ, ಅದಕ್ಕೆ ಹೇಳಿದೆ. ಮೊದಲ ಆರು ತಿಂಗಳ ಚೇತರಿಕೆ ಬೇಗ ಬೇಗ ಆಗುತ್ತದೆ, ಆಮೇಲೆ ನಿಧಾನ. ಆದರೆ ಎರಡು ವರ್ಷವಾದರೂ, ಅದರ ಆಚೆಗೂ ಸ್ವಲ್ಪ ಸ್ವಲ್ಪ ನಡೆದೇ ಇರುತ್ತದೆ. ನಿಮ್ಮದು ಇನ್ನೂ ವರ್ಷ ತುಂಬುತ್ತಿದೆ.

ಈಗ ಅತ್ತೆಯ ಮಾತು. ಅವರನ್ನು ತಳ್ಳಿಹಾಕಬೇಡಿ. ಅವರ ಭಯ ಸುಳ್ಳಲ್ಲ. ನಮ್ಮ ಕಡೆ ಹೆಣ್ಣು ನೋಡಲು ಬರುವವರು ಮನೆಯ ಮೂರು ತಲೆಮಾರು ಕೆದಕುತ್ತಾರೆ, ‘ತಲೆ ಸರಿಯಿಲ್ಲ’ ಅನ್ನುವ ಎರಡು ಪದ ಸಾಕು. ಆದರೆ ಅತ್ತೆಗೆ ಒಂದು ಮಾತು ಕೇಳಿ: ಈಗ ಊರಲ್ಲಿ ಓಡಾಡುತ್ತಿರುವ ಮಾತು ಏನು? ಸೋಂಬೇರಿ, ಉಪಕಾರ ಸ್ಮರಣೆ ಇಲ್ಲದವನು, ಬಾಯಿ ಹೊಲಸು. ಇದರಿಂದ ಮೊಮ್ಮಗಳಿಗೆ ಒಳ್ಳೆಯದಾಗುತ್ತದಾ? ನೀವು ಸುಮ್ಮನಿದ್ದಷ್ಟು ದಿನ ಊರು ತನ್ನದೇ ಕಾರಣ ಹುಡುಕುತ್ತದೆ. ತಲೆ ಸರಿಯಿಲ್ಲ ಅಂತ ನೀವು ಹೇಳಬೇಕಾಗಿಲ್ಲ. ‘ತಲೆಗೆ ಬಿದ್ದ ಪೆಟ್ಟು ಇನ್ನೂ ಪೂರ್ತಿ ವಾಸಿಯಾಗಿಲ್ಲ’ ಅನ್ನಿ. ನಿಜವೂ ಅದೇ. ಇದು ವಂಶದಲ್ಲಿ ಬಂದದ್ದಲ್ಲ, ದನ ಅಡ್ಡ ಬಂದು ಆದದ್ದು. ಮಗಳಿಗೆ ಬರುವಂಥದ್ದೂ ಅಲ್ಲ. ಇಷ್ಟನ್ನು ಅತ್ತೆಯ ಬಾಯಿಂದಲೇ ಹೇಳಿಸಲು ಸಾಧ್ಯವಾದರೆ ಅರ್ಧ ಕೆಲಸ ಆದ ಹಾಗೆ. ನಿಮ್ಮ ಮಾತಿಗಿಂತ ಆ ವಯಸ್ಸಿನವರ ಮಾತಿಗೆ ಊರಲ್ಲಿ ತೂಕ ಜಾಸ್ತಿ. ಅದು ನಿಮಗೂ ಗೊತ್ತು.

ಎಲ್ಲಿ ಹೇಳಬೇಕು? ಮನೆ ಮನೆಗೆ ಹೋಗಬೇಡಿ, ದೂರು ಹೇಳಲು ಬಂದ ಹಾಗಾಗುತ್ತದೆ. ನಿಮ್ಮ ಸ್ತ್ರೀಶಕ್ತಿ ಸಂಘದ ಸಭೆ ಇದೆಯಲ್ಲ, ಅಲ್ಲಿ ಹೇಳಿ. ಅಡಿಕೆ ಸುಲಿದ ಕೈಗಳೆಲ್ಲ ಅಲ್ಲೇ ಇರುತ್ತವೆ. ಮಾತಾಡಲು ಹತ್ತು ನಿಮಿಷ ಕೇಳಿಕೊಳ್ಳಿ. ಅಳು ಬಂದರೆ ಬರಲಿ, ಆದರೆ ಹೇಳಬೇಕಾದದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅಧ್ಯಕ್ಷರನ್ನು ಮಾತ್ರ ಬೇರೆಯಾಗಿ, ಅವರ ಮನೆಗೇ ಹೋಗಿ ಕಾಣಿ. ಕಾಲಿಗೆ ಬೀಳಬೇಡಿ. ‘ಅವತ್ತು ನಿಮಗೆ ನೋವಾಯಿತು, ನನಗೂ ಆಯಿತು. ಗದ್ದಲದಲ್ಲಿ ಅವರಿಗೆ ತಡೆಯಲು ಆಗುವುದಿಲ್ಲ, ಕರೆದುಕೊಂಡು ಹೋಗಿದ್ದು ನನ್ನ ತಪ್ಪು’ ಅನ್ನಿ. ದೊಡ್ಡ ಮನುಷ್ಯರಾದರೆ ಅಲ್ಲಿಗೇ ಬಿಡುತ್ತಾರೆ. ಬಿಡದಿದ್ದರೆ ಅದು ಅವರ ಪಾಡು.

ದುಡ್ಡಿನ ಲೆಕ್ಕ ಕೊಡಬೇಕಾ? ಇದಕ್ಕೆ ನಾನು ಎರಡು ಮನಸ್ಸಿನಲ್ಲಿದ್ದೆ. ಒಬ್ಬರು ಜೇಬಿನಿಂದ ತೆಗೆದುಕೊಟ್ಟ ದುಡ್ಡಿಗೆ ಲೆಕ್ಕ ಕೇಳುವುದು ಸಣ್ಣತನ. ಆದರೆ ಯಕ್ಷಗಾನ ಆಡಿಸಿ ಎತ್ತಿದ್ದು ಊರ ದುಡ್ಡು, ಚಿಕಿತ್ಸೆಗೆ ಅಂತ ಎತ್ತಿದ್ದು. ಅದಕ್ಕೆ ಒಂದು ಸಲ ಲೆಕ್ಕ ಕೊಟ್ಟುಬಿಡಿ. ಒಂದೇ ಹಾಳೆ: ಬಂದದ್ದು ಎಷ್ಟು, ಆಸ್ಪತ್ರೆಗೆ, ಔಷಧಿಗೆ, ಗಾಡಿಗೆ ಹೋದದ್ದು ಎಷ್ಟು, ಉಳಿದದ್ದು ಎಷ್ಟು. ಸಭೆಯಲ್ಲಿ ಓದಿ, ಒಂದು ಪ್ರತಿ ಸಂಘದ ಪುಸ್ತಕದಲ್ಲಿ ಇಡಿಸಿ. ಅಲ್ಲಿಗೆ ಆ ಲೆಕ್ಕ ಮುಗಿಯಿತು. ಅಡಿಕೆ ದುಡ್ಡು ಅದರಲ್ಲಿ ಬರುವುದಿಲ್ಲ, ಅದು ನಿಮ್ಮ ತೋಟದ್ದು. ಮಿಕ್ಸಿಯೂ ಬರುವುದಿಲ್ಲ. ಯಾರಾದರೂ ಕೇಳಿದರೆ ‘ಅಡಿಕೆ ದುಡ್ಡಲ್ಲಿ ತಂದೆ’ ಅಂತ ಒಂದೇ ಮಾತಿನಲ್ಲಿ ಮುಗಿಸಿ. ವಿವರಣೆ ಕೊಡಲು ಹೋದರೆ ಮುಂದಿನ ಸಲ ಮಗಳ ಚೂಡಿದಾರಕ್ಕೂ ಕೇಳುತ್ತಾರೆ.

ನೀವು ಋಣ ಅನ್ನುತ್ತಿದ್ದೀರಲ್ಲ, ನನಗೆ ಮುಯ್ಯಾಳು ನೆನಪಾಯಿತು. ನಾಟಿಗೆ ನೀವು ನಮ್ಮ ಗದ್ದೆಗೆ, ನಾವು ನಿಮ್ಮ ಗದ್ದೆಗೆ. ಆಳಿಗೆ ಆಳು ತೀರಿಸಬೇಕು. ನಮ್ಮ ಅಮ್ಮ ಈ ಲೆಕ್ಕದಲ್ಲಿ ಭಾರೀ ಕಟ್ಟುನಿಟ್ಟು. ಆದರೂ ಬಾಣಂತಿ ಇರುವ ಮನೆಗೆ, ಹಾಸಿಗೆ ಹಿಡಿದವರ ಮನೆಗೆ ಆ ವರ್ಷ ಮುಯ್ಯಿ ಕೇಳಲು ಹೋಗುತ್ತಿರಲಿಲ್ಲ. ಮುಂದಿನ ಮಳೆಗಾಲಕ್ಕೆ ನೋಡೋಣ ಅನ್ನುತ್ತಿದ್ದಳು. ಮುಯ್ಯಾಳಿಗೆ ಬಂದವರು ಗದ್ದೆಯಿಂದ ಹಾಗೇ ಮನೆಗೆ ಹೋಗುತ್ತಿದ್ದರು. ಅಡುಗೆ ಮನೆಗೆ ನುಗ್ಗಿ ಡಬ್ಬಿ ಮುಚ್ಚಳ ತೆಗೆದು ನೋಡುತ್ತಿರಲಿಲ್ಲ. ನಿಮ್ಮ ಮುಯ್ಯಿ ನೀವು ತೀರಿಸುತ್ತೀರಿ, ಈ ವರ್ಷವೇ ಆಗಬೇಕಿಲ್ಲ.

ಸಭೆಯಲ್ಲಿ ಇನ್ನೊಂದು ಕೆಲಸ ಇದೆ. ಸಹಾಯ ಬೇಡ ಅನ್ನಬೇಡಿ. ಬೇರೆ ಸಹಾಯ ಕೇಳಿ. ದುಡ್ಡು ಸಾಕು, ಹಾರ್ಲಿಕ್ಸ್ ಬಾಟಲಿ ಸಾಕು, ಗುಂಪಾಗಿ ನೋಡಲು ಬರುವುದು ಸಾಕು. ಬೇಕಾಗಿರುವುದು ವಾರಕ್ಕೆ ಎರಡು ಮಧ್ಯಾಹ್ನ ಯಾರಾದರೂ ಒಬ್ಬರು ಇವರ ಜೊತೆ ಕೂತಿರುವುದು. ಆ ಹೊತ್ತಿನಲ್ಲಿ ನೀವು ಮಲಗಿ, ಅಥವಾ ಸಾಗರಕ್ಕೆ ಹೋಗಿಬನ್ನಿ. ಬರುವವರಿಗೆ ಎರಡು ಮಾತು ಮೊದಲೇ ಹೇಳಿಡಿ. ಅವರು ಕೂಗಾಡಿದರೆ ವಾದಕ್ಕೆ ನಿಲ್ಲದೆ ಸ್ವಲ್ಪ ಹೊತ್ತು ಎದ್ದು ಆಚೆ ಹೋಗಬೇಕು. ‘ನಾನ್ಯಾರು ಹೇಳು ನೋಡೋಣ’ ಅನ್ನುವ ಪರೀಕ್ಷೆ ಮಾತ್ರ ಮಾಡಲೇಬಾರದು. ಈ ತಪ್ಪನ್ನು ನಾನೂ ಮಾಡಿದ್ದೇನೆ. ನಮ್ಮ ನೆಂಟರೊಬ್ಬರು ಹೀಗೇ ತಲೆಗೆ ಏಟು ಮಾಡಿಕೊಂಡು ಮಲಗಿದ್ದಾಗ ಮಂಚದ ಹತ್ತಿರ ಬಗ್ಗಿ ‘ಗುರುತು ಸಿಕ್ತಾ?’ ಅಂತ ಕೇಳಿದೆ. ಅವತ್ತು ಹಾಗೆ ಕೇಳಿದವರಲ್ಲಿ ನಾನು ಎಷ್ಟನೆಯವಳೋ. ಅವರು ಮುಖ ಗೋಡೆಗೆ ತಿರುಗಿಸಿದರು. ಇವತ್ತಿಗೂ ನೆನಪಾದರೆ ನಾಚಿಕೆಯಾಗುತ್ತದೆ.

ನಿಮ್ಮ ಪತ್ರದಲ್ಲಿ ಅವರ ಗೆಳೆಯರು ಎಲ್ಲೂ ಇಲ್ಲ. ಜೀಪಿನಲ್ಲಿ ಹಾಕಿಕೊಂಡು ಹೋದ ಹುಡುಗರು ಈಗ ಎಲ್ಲಿ? ಓಡಾಡುವ ಕೆಲಸ ಇದ್ದಾಗ ಗಂಡಸರು ಮುಂದಿರುತ್ತಾರೆ. ಸುಮ್ನೆ ಜೊತೆಯಲ್ಲಿ ಕೂತಿರುವುದು ಅವರಿಗೆ ಬರುವುದಿಲ್ಲ, ಏನು ಮಾತಾಡಬೇಕೋ ಗೊತ್ತಾಗದೆ ದೂರ ಆಗುತ್ತಾರೆ. ಅವರಿಗೂ ಒಂದು ಕೆಲಸ ಕೊಡಿ. ಯಾರಾದರೂ ಒಬ್ಬ ದಿನಾ ಸಂಜೆ ಐದಕ್ಕೆ ಬಂದು ಸೊಸೈಟಿವರೆಗೆ ನಡೆಸಿಕೊಂಡು ಹೋಗಿ ಬರಲಿ. ಆದರೆ ಎರಡು ಷರತ್ತು: ಬೈಕಿನ ಕೀಲಿ ಕೈಗೆ ಕೊಡಬಾರದು, ಒಂದು ಗುಟುಕೂ ಕುಡಿಸಬಾರದು. ಪೆಟ್ಟಾದ ಮಿದುಳಿಗೆ ಹೆಂಡ ವಿಷ. ಫಿಟ್ಸ್ ಬರುವ ಅಪಾಯವೂ ಜಾಸ್ತಿ. ಫಿಟ್ಸ್ ಮಾತ್ರೆ ಕೊಟ್ಟಿದ್ದರೆ, ಬಂದಿಲ್ಲವಲ್ಲ ಅಂತ ನೀವಾಗಿ ನಿಲ್ಲಿಸಬೇಡಿ.

ಆಪರೇಷನ್ ಮಾಡಿದ ಡಾಕ್ಟರ ಕೆಲಸ ಬಹುಮಟ್ಟಿಗೆ ಮುಗಿದಿದೆ. ಈಗ ಬೇಕಾದವರು ಬೇರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನರ್ವಸತಿಗೆ ಬೇರೆ ವಿಭಾಗವೇ ಇದೆ. ಗಮನ, ನೆನಪು ಎಲ್ಲಿ ತಪ್ಪುತ್ತಿದೆ ಅಂತ ಪರೀಕ್ಷೆ ಮಾಡಿ ಅದಕ್ಕೆ ತಕ್ಕ ತರಬೇತಿ ಕೊಡುವವರೂ ಅಲ್ಲಿದ್ದಾರೆ. ಸಿಟ್ಟಿಗೂ ಔಷಧಿ ಇದೆ. ಡಿಸ್ಚಾರ್ಜ್ ಕಾಗದ, ಸ್ಕ್ಯಾನ್, ಬಿಪಿಎಲ್ ಕಾರ್ಡ್ ಇದ್ದರೆ ಅದೂ ತಗೊಂಡು ಒಂದು ಸಲ ಹೋಗಿಬನ್ನಿ. ಅವರು ಕೈ ಎತ್ತುವಷ್ಟು ಸಿಟ್ಟು ಬಂದರೆ ಮಗಳನ್ನು ಕರೆದುಕೊಂಡು ಮನೆಯಿಂದ ಆಚೆ ನಡೆಯಿರಿ, 112ಕ್ಕೆ ಫೋನ್ ಮಾಡಿ. ಕಾಯಿಲೆ ಅಂತ ಹೊಡೆತ ತಿನ್ನಬೇಕಾಗಿಲ್ಲ.

ಇನ್ನು ಕಾಗದ ಪತ್ರದ ಮಾತು, ಬೇಗ ಮುಗಿಸುತ್ತೇನೆ. ಬೈಕು ಅವರ ಹೆಸರಲ್ಲಿದ್ದು, ಲೈಸೆನ್ಸ್ ಇದ್ದು, ಇನ್ಶೂರೆನ್ಸ್ ಚಾಲ್ತಿಯಲ್ಲಿದ್ದರೆ, ಆ ಪಾಲಿಸಿಯಲ್ಲಿ ಓಡಿಸುವ ಮಾಲೀಕರಿಗೆ ಅಂತ 15 ಲಕ್ಷದ ಅಪಘಾತ ವಿಮೆ ಸಾಮಾನ್ಯವಾಗಿ ಇರುತ್ತದೆ. ಎದುರು ಗಾಡಿ ಇಲ್ಲದೆ ತಾನೇ ಬಿದ್ದರೂ ಅನ್ವಯಿಸುತ್ತದೆ. ಪೂರ್ತಿ ಮೊತ್ತ ಸಿಗುವುದು ಶಾಶ್ವತವಾಗಿ, ಪೂರ್ತಿಯಾಗಿ ದುಡಿಯಲು ಆಗದ ಸ್ಥಿತಿ ಅಂತ ಡಾಕ್ಟರು ಬರೆದುಕೊಟ್ಟರೆ. ನಿಮ್ಮವರದ್ದು ಹಾಗೆ ಆಗುತ್ತದೋ ಇಲ್ಲವೋ, ಪಾಲಿಸಿ ಹುಡುಕಿ ಕಂಪನಿಗೆ ಬರೆದು ತಿಳಿಸಿಬಿಡಿ, ಈಗಾಗಲೇ ತಡವಾಗಿದೆ. ಅಂಗವಿಕಲರ ಯುಡಿಐಡಿ ಕಾರ್ಡಿಗೂ ಅರ್ಜಿ ಹಾಕಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿರುವ 21 ಬಗೆಯ ಅಂಗವೈಕಲ್ಯಗಳ ಪಟ್ಟಿಯಲ್ಲಿ ತಲೆ ಪೆಟ್ಟು ಅಂತ ಬೇರೆಯಾಗಿ ಇಲ್ಲ. ಅದರಿಂದ ಉಳಿದ ತೊಂದರೆ ಯಾವುದರ ಕೆಳಗೆ ಬರುತ್ತದೆ ಅಂತ ಡಾಕ್ಟರುಗಳೇ ನೋಡುತ್ತಾರೆ. ಅಂಗವೈಕಲ್ಯ ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂತಾದರೆ ಸೌಲಭ್ಯಗಳ ದಾರಿ ತೆರೆಯುತ್ತದೆ. ವಕೀಲರಿಗೆ ದುಡ್ಡಿಲ್ಲ ಅನ್ನಬೇಡಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ನೆರವು ಇದೆ. ಫೋನ್ 15100.

ತವರಿನ ವಿಷಯದಲ್ಲಿ ನಾನು ಅಣ್ಣನ ಪಕ್ಷ ಅಲ್ಲ. ನೆನಪು ತಡವರಿಸುವವರಿಗೆ ಗೊತ್ತಿರುವ ಜಗಲಿ, ಗೊತ್ತಿರುವ ಬಚ್ಚಲು, ಗೊತ್ತಿರುವ ದಾರಿ ದೊಡ್ಡ ಆಸರೆ. ಹೊಸ ಮನೆಯಲ್ಲಿ ಎಲ್ಲ ಮೊದಲಿನಿಂದ ಕಲಿಯಬೇಕು. ಮಗಳ ಪರೀಕ್ಷೆಯೂ ಹತ್ತಿರದಲ್ಲಿದೆ. ಆದರೆ ನೀವೊಬ್ಬರೇ ನಾಲ್ಕು ದಿನ ಹೋಗಿಬನ್ನಿ. ಅಣ್ಣ ಅಷ್ಟು ಕಾಳಜಿ ಇದ್ದವನಾದರೆ ಆ ನಾಲ್ಕು ದಿನ ಅವನು ಬಂದು ಬಾವನ ಜೊತೆ ಇರಲಿ.

ಕೊನೆಯ ಪ್ರಶ್ನೆ. ಪಾಪ ಅಲ್ಲ, ತಂಗಿ. ನೀವು ಸೂತಕ ಇಲ್ಲದ ದುಃಖದಲ್ಲಿದ್ದೀರಿ. ಮನುಷ್ಯ ಹೋಗಿದ್ದರೆ ಊರು ಹದಿಮೂರು ದಿನ ನಿಮ್ಮ ಜೊತೆ ಅಳುತ್ತಿತ್ತು. ಇಲ್ಲಿ ಮನುಷ್ಯ ಎದುರಿಗೇ ಕೂತಿದ್ದಾರೆ, ಬದುಕಿ ಬಂದರಲ್ಲ, ಪುಣ್ಯವಂತೆ ಅನ್ನುತ್ತಾರೆ. ಅಳಲು ನಿಮಗೆ ಜಾಗವೇ ಇಲ್ಲ. ಹಳೆಯ ಗಂಡನಿಗಾಗಿ ಅಳಬಹುದು. ಅತ್ತು, ಮುಖ ತೊಳೆದು, ಈಗಿರುವವರಿಗೆ ಕಾಫಿ ಮಾಡಿಕೊಡಲೂಬಹುದು. ರಾತ್ರಿ ಉಸಿರು ಕಟ್ಟಿದ ಹಾಗಾದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಹಳೇ ಮಿಕ್ಸಿ ಎಸೆದಿಲ್ಲ ತಾನೆ? ಎಸೆಯಬೇಡಿ. ಅದರ ಪ್ಲಗ್ಗಿನ ವೈರು ಕತ್ತರಿಸಿಬಿಡಿ, ಕರೆಂಟಿಗೆ ಹಾಕುವ ಹಾಗಿರಬಾರದು. ಬೆಳಿಗ್ಗೆ ತಿಂಡಿಯಾದ ಮೇಲೆ, ದಿನಾ ಅದೇ ಹೊತ್ತಿಗೆ, ಅವರ ಮುಂದಿಡಿ. ಮೊದಲ ದಿನ ಬಿಚ್ಚುವುದು ಮಾತ್ರ. ಇನ್ನೊಂದು ದಿನ ಹಳೇ ತಂತಿ ಬಿಡಿಸುವುದು ಮಾತ್ರ. ರೇಡಿಯೋ, ಟಿವಿ ಬೇಡ. ಅರ್ಧ ಗಂಟೆ ಸಾಕು, ಸುಸ್ತಾಗುವ ಮೊದಲೇ ನಿಲ್ಲಿಸಿ. ಸುತ್ತುವ ದಿನ ಬಂದಾಗ ಎಣಿಕೆಯನ್ನು ಅವರ ತಲೆಯ ಮೇಲೆ ಹಾಕಬೇಡಿ. ಮಗಳು ಪಕ್ಕದಲ್ಲಿ ಕೂತು, ಹತ್ತು ಸುತ್ತಿಗೆ ಒಂದು ಗೀಟು ಅಂತ ಹಾಳೆಯಲ್ಲಿ ಎಳೆಯುತ್ತಾ ಹೋಗಲಿ. ಅವರು ತಿರುಗಿಸಿದರೆ ಸಾಕು.